ಹೊಸ ಜಾಯ್‌ಸ್ಟಿಕ್ ಕೊಳ್ಳುವ ಮೊದಲು

ಹೋದ ತಿಂಗಳು ಒಬ್ಬರು ಆರ್ಕೇಡ್ ಪೆಟ್ಟಿಗೆಯೊಂದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಬಂದರು. ಇಬ್ಬರು ಪಕ್ಕಪಕ್ಕ ಕೂತು ಆಡುವ ಪೆಟ್ಟಿಗೆ. ಎರಡು ಜಾಯ್‌ಸ್ಟಿಕ್, ಎರಡೂ ಕಡೆ ಆರಾರು ಬಟನ್.

"ಸಾರ್, ಎಡಗಡೆ ಸ್ಟಿಕ್ ಹೋಗಿದೆ. ದುಡ್ಡು ಎಷ್ಟಾದ್ರೂ ಆಗ್ಲಿ, ಇರೋದ್ರಲ್ಲಿ ಬೆಸ್ಟ್ ಹಾಕ್ಬಿಡಿ" ಅಂದರು.

ಈ ಮಾತನ್ನು ತಿಂಗಳಿಗೆ ನಾಲ್ಕು ಸಲವಾದರೂ ಕೇಳುತ್ತೇನೆ. ಎಲ್ಲರಿಗೂ ಬೆಸ್ಟ್ ಆಗುವ ಸ್ಟಿಕ್ ಇದುವರೆಗೆ ನನ್ನ ಕೈಗೆ ಸಿಕ್ಕಿಲ್ಲ. ಇಂಥ ಆಟಕ್ಕೆ, ಇಂಥ ಹಲಗೆಗೆ, ಇಂಥವರ ಕೈಗೆ ಹೊಂದುವ ಸ್ಟಿಕ್ ಮಾತ್ರ ಸಿಕ್ಕಿದೆ. ಅದಕ್ಕೇ ಬಂದವರನ್ನು ಕೂರಿಸಿ ಮೂರು ಪ್ರಶ್ನೆ ಕೇಳುತ್ತೇನೆ: ಹೆಚ್ಚು ಆಡುವ ಆಟ ಯಾವುದು? ಆಡುವವರು ಯಾರು? ಹಲಗೆ ಎಷ್ಟು ದಪ್ಪ?

ಈ ಕೆಲಸಕ್ಕೆ ನಾನು ಬಿದ್ದದ್ದು ತೊಂಬತ್ತರ ದಶಕದಲ್ಲಿ, ದಾವಣಗೆರೆಯ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ. ಕ್ಯಾಪ್‌ಕಾಮ್ 1993ರಲ್ಲಿ ತಂದ 'ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್' ಆಟಕ್ಕೆ ನಮ್ಮ ಕಡೆ ಆ ಹೆಸರೇ ಇರಲಿಲ್ಲ. ಅದರೊಳಗಿನ ಪಾತ್ರದ ಹೆಸರು ಹಿಡಿದು ಎಲ್ಲರೂ 'ಮುಸ್ತಫಾ' ಅನ್ನುತ್ತಿದ್ದೆವು. ಶಾಲೆ ಬಿಟ್ಟ ಮಕ್ಕಳೆಲ್ಲ ಮುಗಿಬೀಳುತ್ತಿದ್ದ ಆ ಮಶೀನಿನ ಸ್ಟಿಕ್ ಪದೇಪದೇ ಕೆಡುತ್ತಿತ್ತು. ಅಂಗಡಿಯ ಅಣ್ಣ ರಿಪೇರಿಗೆ ಕೂತಾಗ ಟಾರ್ಚ್ ಹಿಡಿಯಲು ನನ್ನನ್ನು ಕರೆಯುತ್ತಿದ್ದರು. ಒಂದು ವರ್ಷದಲ್ಲಿ ಟಾರ್ಚ್ ಅವರ ಕೈಗೆ ಹೋಗಿ, ಸ್ಕ್ರೂಡ್ರೈವರ್ ನನ್ನ ಕೈಗೆ ಬಂತು. ಈಗ ಬೆಂಗಳೂರಿನಲ್ಲಿ ಮನೆಗಳಿಗೆ ಪೆಟ್ಟಿಗೆ ಕಟ್ಟಿಕೊಡುವುದು, ಕೆಟ್ಟದ್ದನ್ನು ಸರಿಮಾಡುವುದು ಎರಡೂ ನನ್ನ ಕೆಲಸ. ಅಲ್ಲಿಂದ ಇಲ್ಲಿಯವರೆಗೆ ಕಲಿತದ್ದರಲ್ಲಿ ಸ್ಟಿಕ್ ಬದಲಿಸುವವರಿಗೆ ಬೇಕಾದಷ್ಟನ್ನು ಇಲ್ಲಿ ಬರೆದಿದ್ದೇನೆ.

1. ಕೆಟ್ಟಿರುವುದು ಯಾವುದು ಅಂತ ಮೊದಲು ಪತ್ತೆಮಾಡಿ

ಆರ್ಕೇಡ್ ಸ್ಟಿಕ್ ಬಿಚ್ಚಿದರೆ ಒಳಗೆ ಇರುವುದು ಇಷ್ಟೇ. ಒಂದು ಉಕ್ಕಿನ ಸಲಾಕೆ. ಅದು ಓಲಾಡಲು ಪ್ಲಾಸ್ಟಿಕ್ಕಿನ ಪಿವಟ್. ಕೈ ಬಿಟ್ಟ ಕೂಡಲೇ ನಡುವಿಗೆ ತಂದು ನಿಲ್ಲಿಸುವ ಸ್ಪ್ರಿಂಗ್. ಸಲಾಕೆಯ ಬುಡದಲ್ಲಿ ಬಳೆಯ ಹಾಗೆ ಕೂತ ಆಕ್ಚುಯೇಟರ್. ಅದರ ಸುತ್ತ ನಾಲ್ಕು ಮೈಕ್ರೋಸ್ವಿಚ್. ಎಲ್ಲಕ್ಕಿಂತ ಕೆಳಗೆ, ಸಲಾಕೆ ಇಷ್ಟು ದೂರ ಹೋದರೆ ಸಾಕು ಅಂತ ತಡೆಯುವ ಗೇಟ್. ಮೂಲೆಗೆ ತಳ್ಳಿದಾಗ ಅಕ್ಕಪಕ್ಕದ ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಳ್ಳುತ್ತವೆ. ನಾಲ್ಕು ಸ್ವಿಚ್‌ನಲ್ಲಿ ಎಂಟು ದಿಕ್ಕು ಬರುವುದು ಹೀಗೆ.

ಒಂದೇ ದಿಕ್ಕು ಸತ್ತಿದ್ದರೆ ಇಡೀ ಸ್ಟಿಕ್ ಸತ್ತಿರುವ ಸಾಧ್ಯತೆ ಕಡಿಮೆ. ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ಆ ಸ್ವಿಚ್ಚಿನಲ್ಲಿ ತಂತಿ ಸೇರಿರುವ ಎರಡು ಕಾಲಿಗೆ ಹಿಡಿದು ಒತ್ತಿ ನೋಡಿ. ಬೀಪ್ ಬಂದರೆ ಸ್ವಿಚ್ ಸರಿಯಿದೆ, ತಂತಿಯದೋ ಬೋರ್ಡಿನದೋ ತಕರಾರು. ಮೀಟರ್ ಇಲ್ಲದವರಿಗೂ ಒಂದು ದಾರಿ ಇದೆ. 'ಮೇಲೆ' ಕೆಲಸ ಮಾಡುತ್ತಿಲ್ಲ ಅಂತಿಟ್ಟುಕೊಳ್ಳಿ. ಮೇಲಿನ ಮತ್ತು ಕೆಳಗಿನ ದಿಕ್ಕಿನ ತಂತಿಗಳನ್ನು ಅದಲುಬದಲು ಮಾಡಿ. ಈಗ ಸ್ಟಿಕ್ಕನ್ನು ಕೆಳಕ್ಕೆ ಎಳೆದಾಗ ಪರದೆಯ ಮೇಲೆ ಬೊಂಬೆ ಮೇಲಕ್ಕೆ ಹೋದರೆ ತಂತಿ, ಬೋರ್ಡ್ ಎರಡೂ ಚೆನ್ನಾಗಿವೆ, ಸ್ವಿಚ್ ಕೆಟ್ಟಿದೆ. ಎಳೆದರೂ ಏನೂ ಆಗದಿದ್ದರೆ ಸ್ವಿಚ್ಚನ್ನು ಬಿಟ್ಟು ತಂತಿಯ ಹಿಂದೆ ಹೋಗಿ.

ಬಿಡಿ ಮೈಕ್ರೋಸ್ವಿಚ್ ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಸುಲಭವಾಗಿ ಸಿಗುತ್ತದೆ. ಅಮೆರಿಕದ ಮಾದರಿಯ ದೊಡ್ಡ ಸ್ಟಿಕ್‌ಗಳಲ್ಲಿ ಸ್ವಿಚ್ಚನ್ನು ಕೈಯಲ್ಲೇ ಕಳಚಿ ಹೊಸದು ಕೂರಿಸಬಹುದು. ಜಪಾನಿನ ಸಾನ್ವಾ ಜೆಎಲ್‌ಎಫ್‌ನಲ್ಲಿ ನಾಲ್ಕೂ ಸ್ವಿಚ್ ಒಂದು ಸಣ್ಣ ಬೋರ್ಡಿಗೆ ಬೆಸುಗೆಯಾಗಿರುತ್ತವೆ. ಅಲ್ಲಿ ಬೆಸುಗೆ ಬಿಡಿಸಿ ಒಂದನ್ನು ಬದಲಿಸಬೇಕು, ಇಲ್ಲವೇ ಆ ಬೋರ್ಡನ್ನೇ ತರಿಸಬೇಕು. ಯಾವುದೇ ಆದರೂ ಹೊಸ ಸ್ಟಿಕ್ಕಿನ ಖರ್ಚು ಉಳಿಯುತ್ತದೆ.

ನಾಲ್ಕೂ ದಿಕ್ಕು ನಡೆಯುತ್ತಿದ್ದು ಸ್ಟಿಕ್ ಲೊಡಲೊಡ ಅಂದರೆ ಪಿವಟ್ ಸವೆದಿದೆ. ನಡುವಿಗೆ ಬಾರದೆ ವಾಲಿ ನಿಂತರೆ ಸ್ಪ್ರಿಂಗ್ ಸೋತಿದೆ. ಒಳ್ಳೆಯ ಕಂಪನಿಯ ಸ್ಟಿಕ್‌ಗೆ ಇವೆರಡೂ ಬಿಡಿಯಾಗಿ ಸಿಗುತ್ತವೆ. ಹೆಸರಿಲ್ಲದ ಅಗ್ಗದ ಸ್ಟಿಕ್‌ಗೆ ಸಿಗುವುದಿಲ್ಲ, ಬಿಸಾಡಿ ಹೊಸದು ತರುವುದೇ ಸರಿ. ಮುಂದಿನ ಪಾಠಗಳೆಲ್ಲ ಆ ಹಂತಕ್ಕೆ ಬಂದವರಿಗೆ.

2. ಮೇಲಕ್ಕೆ ತಳ್ಳಿದರೆ ಒತ್ತುವುದು ಕೆಳಗಿನ ಸ್ವಿಚ್

ಸಲಾಕೆ ನಡುವಿನ ಪಿವಟ್ ಮೇಲೆ ಏತದ ಹಾಗೆ ಆಡುತ್ತದೆ. ತಲೆ ಆ ಕಡೆ ಹೋದರೆ ಬುಡ ಈ ಕಡೆ ಬರುತ್ತದೆ. ಆದ್ದರಿಂದ ಆಡುವವರ ಹೊಟ್ಟೆಯ ಕಡೆಗಿರುವ ಸ್ವಿಚ್ಚೇ 'ಮೇಲೆ', ಎಡಗಡೆಯದು 'ಬಲ'. ತಂತಿ ಜೋಡಿಸುವಾಗ ಇದನ್ನು ಮರೆತು, ಎಲ್ಲ ಉಲ್ಟಾ ಬಂತೆಂದು ಹೊಸ ಸ್ಟಿಕ್ಕನ್ನು ಅಂಗಡಿಗೆ ವಾಪಸ್ ಕಳಿಸಿದವರನ್ನು ನೋಡಿದ್ದೇನೆ.

3. ಆಟ ಯಾವುದು, ಅದನ್ನು ಹೇಳಿ

ಎಲ್ಲಕ್ಕಿಂತ ದೊಡ್ಡ ಪಾಠ ಇದು. ಇದಕ್ಕೆ ಸ್ವಲ್ಪ ಹೊತ್ತು ಕೊಡಿ.

ನಾಮ್ಕೋದ 'ಪ್ಯಾಕ್‌ಮ್ಯಾನ್' ಬಂದದ್ದು 1980ರಲ್ಲಿ, ನಿಂಟೆಂಡೊದ 'ಡಾಂಕಿ ಕಾಂಗ್' 1981ರಲ್ಲಿ. ಇವುಗಳ ಮೂಲ ಮಶೀನುಗಳಲ್ಲಿ ಇದ್ದದ್ದು ನಾಲ್ಕೇ ದಿಕ್ಕಿಗೆ ಹೋಗುವ ಸ್ಟಿಕ್. ಪ್ಯಾಕ್‌ಮ್ಯಾನ್‌ನ ಓಣಿಗಳಲ್ಲಿ ಓರೆ ದಾರಿ ಅನ್ನುವುದೇ ಇಲ್ಲ. ಅಂಥ ಆಟವನ್ನು ಎಂಟು ದಿಕ್ಕಿನ ಸ್ಟಿಕ್‌ನಲ್ಲಿ ಆಡಿದರೆ, ತಿರುವಿನಲ್ಲಿ ಕೈ ಚೂರು ವಾಲಿದರೂ ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಳ್ಳುತ್ತವೆ. ಯಾವ ದಿಕ್ಕಿನ ಮಾತು ಕೇಳಬೇಕೆಂದು ಆಟಕ್ಕೆ ತಿಳಿಯುವುದಿಲ್ಲ. ಓಣಿಗೆ ತಿರುಗಬೇಕಾದದ್ದು ನೇರ ಹೋಗಿ ಭೂತದ ಬಾಯಿಗೆ ಬೀಳುತ್ತದೆ. "ಚಿಕ್ಕಂದಿನಲ್ಲಿ ಎಷ್ಟು ಚೆನ್ನಾಗಿ ಆಡ್ತಿದ್ದೆ, ಈಗ ಕೈ ಓಡ್ತಿಲ್ಲ" ಅಂತ ನೊಂದುಕೊಳ್ಳುವ ಎಷ್ಟೋ ಜನರ ಕೈ ಚೆನ್ನಾಗಿಯೇ ಇದೆ. ತಪ್ಪು ಸ್ಟಿಕ್ಕಿನದು.

1991ರಲ್ಲಿ ಕ್ಯಾಪ್‌ಕಾಮಿನ 'ಸ್ಟ್ರೀಟ್ ಫೈಟರ್ 2' ಬಂದಮೇಲೆ ಲೆಕ್ಕ ತಲೆಕೆಳಗಾಯಿತು. ಕೆಳಗೆ, ಓರೆ, ಮುಂದೆ ಅಂತ ಸ್ಟಿಕ್ಕನ್ನು ಉರುಳಿಸಿ ಬಟನ್ ಒತ್ತಿದರೆ ಕೈಯಿಂದ ಬೆಂಕಿಯುಂಡೆ ಹಾರುತ್ತದೆ. ಓರೆಯನ್ನು ಬಿಟ್ಟರೆ ಉಂಡೆಯೂ ಇಲ್ಲ. ಇಲ್ಲಿ ಎಂಟು ದಿಕ್ಕೂ ಸ್ಪಷ್ಟವಾಗಿ ಬೇಕು.

ಇನ್ನು ಎಂಟು ದಿಕ್ಕಿನ ಸ್ಟಿಕ್‌ಗಳಲ್ಲೇ ಊರೂರಿಗೆ ಒಂದೊಂದು ಗುಣ ಇದೆ. ಜಪಾನಿನ ಸಾನ್ವಾ ಡೆನ್ಶಿ ಕಂಪನಿಯ ಜೆಎಲ್‌ಎಫ್ ಮೆತ್ತಗಿನದು. ಬೆರಳ ತುದಿಯಲ್ಲಿ ಓಡುತ್ತದೆ, ಉರುಳಿಸುವ ಚಲನೆಗಳಿಗೆ ಹೇಳಿ ಮಾಡಿಸಿದ್ದು. ಜಪಾನಿನ ಹೊರಗೆ ಅದು ಮನೆಮಾತಾಗಲು ಒಂದು ಕಾರಣ 2009ರಲ್ಲಿ 'ಸ್ಟ್ರೀಟ್ ಫೈಟರ್ 4' ಜೊತೆಗೆ ಬಂದ ಮ್ಯಾಡ್ ಕ್ಯಾಟ್ಜ್ ಪೆಟ್ಟಿಗೆ. ಅದರೊಳಗೆ ಸಾನ್ವಾ ಸ್ಟಿಕ್ಕೂ ಸಾನ್ವಾ ಬಟನ್ನೂ ಇದ್ದವು. ಅದೇ ದೇಶದ ಸೈಮಿತ್ಸುವಿನ ಎಲ್‌ಎಸ್-32 ಇನ್ನೊಂದು ಜಾತಿ. ತುಸು ಬಿಗಿ, ಸ್ವಲ್ಪ ತಳ್ಳಿದರೆ ಸಾಕು ಸ್ವಿಚ್ ಹಿಡಿಯುತ್ತದೆ. ಗುಂಡಿನ ಮಳೆಯ ನಡುವೆ ವಿಮಾನವನ್ನು ಕೂದಲೆಳೆಯಷ್ಟು ಸರಿಸಬೇಕಾದ ಶೂಟಿಂಗ್ ಆಟಗಳಲ್ಲಿ ಈ ಗುಣ ಜೀವ ಉಳಿಸುತ್ತದೆ. ಜೆಎಲ್‌ಎಫ್‌ನಲ್ಲಿ ಅದೇ ಆಟ ಆಡಿದರೆ ಒಂದು ಹೆಜ್ಜೆ ಇಡಬೇಕಾದ ಕಡೆ ಎರಡು ಹೆಜ್ಜೆ ಹೋಗುತ್ತದೆ.

ಕೊರಿಯಾದವರ ದಾರಿ ಬೇರೆ. ಅಲ್ಲಿನ ಕ್ರೌನ್, ಮ್ಯೊಂಗ್‌ಶಿನ್ ಸ್ಟಿಕ್‌ಗಳಲ್ಲಿ ಸ್ಪ್ರಿಂಗಿನ ಬದಲು ದಪ್ಪ ರಬ್ಬರ್ ಬಿಲ್ಲೆ ಇರುತ್ತದೆ. ಕೈ ಸಡಿಲಿಸಿದರೆ ಸಾಕು, ಸ್ಟಿಕ್ ಪಟ್ಟನೆ ನಡುವಿಗೆ ಬರುತ್ತದೆ. 'ಟೆಕ್ಕನ್' ಆಡುವವರಿಗೆ ಹಿಂದಕ್ಕೆ ಜಿಗಿಜಿಗಿದು ತಪ್ಪಿಸಿಕೊಳ್ಳುವ ಒಂದು ಪಟ್ಟು ಇದೆ, ಅದರ ಹೆಸರೇ ಕೊರಿಯನ್ ಬ್ಯಾಕ್‌ಡ್ಯಾಶ್. ಅದರಲ್ಲಿ ಸ್ಟಿಕ್ ಮತ್ತೆ ಮತ್ತೆ ನಡುವಿಗೆ ಬರಲೇಬೇಕು. ರಬ್ಬರ್ ಆ ಕೆಲಸವನ್ನು ಸ್ಪ್ರಿಂಗಿಗಿಂತ ಚುರುಕಾಗಿ ಮಾಡುತ್ತದೆ.

ಅಮೆರಿಕದ ಹ್ಯಾಪ್ ಮತ್ತು ಸ್ಪೇನಿನ ಇಂಡಸ್ಟ್ರಿಯಾಸ್ ಲೊರೆಂಝೊ ಸ್ಟಿಕ್‌ಗಳು ಉದ್ದ, ಗಟ್ಟಿ. ಇಡೀ ಮುಂಗೈ ಹಾಕಿ ಆಡುವಂಥವು. ತೊಂಬತ್ತರ ದಶಕದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಕ್ಕಳು ಜೋತುಬಿದ್ದು ಆಡಿದರೂ ತಡೆದ ಬಗೆಯವು ಇವೇ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಮುಸ್ತಫಾದಂಥ ಹೊಡೆದಾಟದ ಆಟಗಳೇ ಹೆಚ್ಚಾದರೆ ನಾನು ಹಿಂದೆ ಮುಂದೆ ನೋಡದೆ ಇದನ್ನೇ ಹೇಳುತ್ತೇನೆ.

"ಎಲ್ಲಾ ಆಟಾನೂ ಆಡ್ತೀವಿ ಸಾರ್" ಅನ್ನುವವರು ಬಹಳ. ಅವರನ್ನು ಹೋದ ವಾರ ಏನು ಆಡಿದಿರಿ ಅಂತ ಕೇಳುತ್ತೇನೆ. ಎರಡೋ ಮೂರೋ ಹೆಸರು ಹೇಳುತ್ತಾರೆ. ಸ್ಟಿಕ್ ತರಬೇಕಾದದ್ದು ಆ ಎರಡು ಮೂರಕ್ಕೆ.

4. ಹಲಗೆಯ ದಪ್ಪ, ಹಲಗೆಯ ಕೆಳಗಿನ ಜಾಗ

ಜಪಾನಿನ ಆರ್ಕೇಡ್ ಮಶೀನುಗಳ, ಉದಾಹರಣೆಗೆ ಸೆಗಾದ 1993ರ ಆಸ್ಟ್ರೋ ಸಿಟಿಯ, ಆಟದ ಹಲಗೆ ಲೋಹದ ತಗಡು. ಸಾನ್ವಾ, ಸೈಮಿತ್ಸು ಸ್ಟಿಕ್‌ಗಳ ಸಲಾಕೆಯ ಉದ್ದ ಆ ತೆಳು ತಗಡನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ನಮ್ಮ ಬಡಗಿಗಳು ಪೆಟ್ಟಿಗೆ ಮಾಡುವುದು 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ. ಅದರ ಅಡಿಗೆ ಜೆಎಲ್‌ಎಫ್ ಕೂರಿಸಿದರೆ ಸಲಾಕೆಯ ಬಹುಭಾಗವನ್ನು ಮರವೇ ನುಂಗುತ್ತದೆ. ಮೇಲೆ ಚೆಂಡು ಮಾತ್ರ ಹಲಗೆಗೆ ಅಂಟಿದ ಲಾಡುವಿನ ಹಾಗೆ ಕೂತಿರುತ್ತದೆ.

ಕೆಲಸ ಕಲಿತ ಹೊಸದರಲ್ಲಿ ನಾನು ಕಟ್ಟಿದ ಮೊದಲ ಪೆಟ್ಟಿಗೆಯಲ್ಲಿ ಹೀಗೇ ಆಯಿತು. ತೇಗದ ಹಲಗೆ, ಪಾಲಿಶ್ ಎಲ್ಲ ಮುಗಿದಿತ್ತು. ಸ್ಟಿಕ್ ಹಾಕಿದ ಮೇಲೆ ಬೆರಳು ಹಿಡಿಯಲು ಜಾಗವೇ ಇಲ್ಲ. ಮನೆಯವರು ಮುಖಕ್ಕೆ ಏನೂ ಅನ್ನಲಿಲ್ಲ, ಆದರೆ ಅವರ ಮಗ ಎರಡು ನಿಮಿಷ ಆಡಿ ಎದ್ದುಹೋದ. ಆ ಹಲಗೆಯನ್ನು ಬಿಚ್ಚಿ, ಸ್ಟಿಕ್ ಕೂರುವ ಜಾಗದಲ್ಲಿ ಅಡಿಯಿಂದ ರೌಟರ್‌ನಲ್ಲಿ ಕೊರೆದು, 6 ಮಿಲಿಮೀಟರ್ ಮಾತ್ರ ಉಳಿಸಿ ಮತ್ತೆ ಕೂರಿಸಿದೆ. ಅಲ್ಲಿಂದ ಇಲ್ಲಿಯವರೆಗೆ ಮೊದಲು ಸ್ಕೇಲು, ಆಮೇಲೆ ಸ್ಟಿಕ್ಕಿನ ಹೆಸರು.

ಕೊರೆಯಲು ಆಗದಿದ್ದರೆ ಎರಡು ದಾರಿ. ಜಪಾನೀ ಸ್ಟಿಕ್‌ಗೆ ಮೇಲಿಂದ ತಿರುಗಿಸಿ ಹಾಕುವ ಎಕ್ಸ್‌ಟೆನ್ಷನ್ ತುಂಡು ಸಿಗುತ್ತದೆ. ಅದರಿಂದ ಎತ್ತರ ಬರುತ್ತದೆ. ಆದರೆ ಸನ್ನೆಗೋಲು ಉದ್ದವಾದ ಹಾಗೆ, ಕೈ ಓಡಬೇಕಾದ ದೂರವೂ ಹೆಚ್ಚುತ್ತದೆ. ಇನ್ನೊಂದು, ಹ್ಯಾಪ್ ಮಾದರಿಗೆ ಹೋಗುವುದು. ಅವು ದಪ್ಪ ಮರದ ಹಲಗೆಗೇ ಹುಟ್ಟಿದಂಥವು. ಕೊಳ್ಳುವಾಗ ಸಲಾಕೆ ಉದ್ದದ್ದೋ ಗಿಡ್ಡದ್ದೋ ಅಂತ ಕೇಳಿಕೊಳ್ಳಿ, ಎರಡೂ ಬಗೆ ಬರುತ್ತವೆ.

ಹಲಗೆಯ ಕೆಳಗಿನ ಜಾಗವನ್ನು ಅಳೆಯುವುದನ್ನು ಹೆಚ್ಚಿನವರು ಮರೆಯುತ್ತಾರೆ. ತೊಡೆಯ ಮೇಲಿಟ್ಟು ಆಡುವ ತೆಳ್ಳಗಿನ ಪೆಟ್ಟಿಗೆಯಲ್ಲಿ ಹ್ಯಾಪ್ ಸ್ಟಿಕ್‌ನ ಬುಡ ತಳಕ್ಕೆ ತಾಗುತ್ತದೆ. ಸ್ಟಿಕ್ ಪೂರ್ತಿ ವಾಲಿದಾಗ ಬುಡ ಪಕ್ಕದ ತಂತಿಗೆ ತಾಗುತ್ತದೆಯೇ ಅನ್ನುವುದನ್ನೂ ನೋಡಿ. ಹಳೆಯ ಸ್ಟಿಕ್ಕಿನ ತಟ್ಟೆಯಲ್ಲಿರುವ ನಾಲ್ಕು ಸ್ಕ್ರೂ ತೂತುಗಳ ನಡುವಿನ ಅಂತರವನ್ನು ಅಡ್ಡಕ್ಕೂ ಉದ್ದಕ್ಕೂ ಅಳೆದು ಬರೆದಿಟ್ಟುಕೊಳ್ಳಿ. ಹೊಸದು ಅದೇ ತೂತಿಗೆ ಕೂತರೆ ಹಲಗೆಗೆ ಹೊಸ ಗಾಯ ಮಾಡಬೇಕಿಲ್ಲ. ಕ್ರೌನ್‌ನವರ 309ಎಂಜೆ ಅನ್ನುವ ಮಾದರಿ ಜಪಾನೀ ಸ್ಟಿಕ್ ಇದ್ದ ಪೆಟ್ಟಿಗೆಯಲ್ಲೇ ಕೂರಲಿ ಅಂತ ಮಾಡಿದ್ದು.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು. ಎಂಡಿಎಫ್ ಹಲಗೆ ಮಳೆಗಾಲದ ತೇವ ಕುಡಿದು ಉಬ್ಬುತ್ತದೆ, ಸ್ಕ್ರೂ ತೂತು ಸಡಿಲವಾಗುತ್ತದೆ. ಆಗ ಸ್ಟಿಕ್ಕೇ ಲೊಡಲೊಡ ಅಂದ ಹಾಗೆ ಕಾಣುತ್ತದೆ. ಹಲಗೆ ಬದಲಿಸುವುದಾದರೆ ಮರೈನ್ ಪ್ಲೈ ಹಾಕಿಸಿ, ಮರದ ಸ್ಕ್ರೂ ಬಿಟ್ಟು ಆಚೆ ಈಚೆ ವಾಶರ್ ಕೊಟ್ಟು ಬೋಲ್ಟ್ ನಟ್ ಬಿಗಿಯಿರಿ.

5. ಗೇಟನ್ನು ಎರಡು ವಾರ ಮುಟ್ಟಬೇಡಿ

ಜೆಎಲ್‌ಎಫ್ ಚೌಕ ಗೇಟಿನೊಂದಿಗೆ ಬರುತ್ತದೆ. ಮೂಲೆಗೆ ತಳ್ಳಿದರೆ ಓರೆ ದಿಕ್ಕು ಖಚಿತ. ಎಂಟು ಮೂಲೆಯ ಗೇಟು, ದುಂಡು ಗೇಟು ಬೇರೆಯಾಗಿ ಸಿಗುತ್ತವೆ. ಎಂಟು ಮೂಲೆಯದರಲ್ಲಿ ಪ್ರತಿ ದಿಕ್ಕಿಗೂ ಒಂದು ಗುಳಿ ಸಿಕ್ಕ ಹಾಗಾಗಿ ಹೊಸಬರಿಗೆ ಇಷ್ಟವಾಗುತ್ತದೆ. ಆದರೆ ಉರುಳಿಸುವಾಗ ಸಲಾಕೆ ಪ್ರತಿ ಗುಳಿಯಲ್ಲೂ ತಡವರಿಸುತ್ತದೆ.

ಚೌಕ ಗೇಟು ಕಷ್ಟ ಅಂತ ಮೊದಲ ದಿನವೇ ಫೋನ್ ಮಾಡುವವರಿಗೆ ಕಾರಣ ವಿವರಿಸುತ್ತೇನೆ. ಗೇಟಿನ ಗೋಡೆಗೆ ಒತ್ತಿಕೊಂಡು ನಾಲ್ಕೂ ಮೂಲೆ ಸುತ್ತಿದರೆ ಕಷ್ಟವೇ. ಸ್ವಿಚ್ ಹಿಡಿಯುವುದು ಗೋಡೆ ಮುಟ್ಟುವುದಕ್ಕಿಂತ ಮೊದಲೇ. ಟಿಕ್ ಅಂದ ಕೂಡಲೇ ಮುಂದಿನ ದಿಕ್ಕಿಗೆ ಹೊರಡಬೇಕು. ಎರಡು ವಾರ ಆಡಿದರೆ ಕೈಗೆ ಇದು ತಾನಾಗಿ ಬರುತ್ತದೆ. ಅಷ್ಟಾದಮೇಲೂ ಆಗದು ಅಂದವರಿಗೆ ಮಾತ್ರ ಗೇಟು ತರಿಸಿಕೊಟ್ಟಿದ್ದೇನೆ. ಹತ್ತಿಪ್ಪತ್ತು ಜನರಲ್ಲಿ ಅಂಥವರು ಇಬ್ಬರು ಸಿಕ್ಕರೆ ಹೆಚ್ಚು.

ಜೆಎಲ್‌ಎಫ್‌ನ ಅದೇ ಚೌಕ ಗೇಟನ್ನು ಕೊಂಡಿ ಬಿಡಿಸಿ ಓರೆಗೆ ತಿರುಗಿಸಿ ಹಾಕಿದರೆ ಅದು ನಾಲ್ಕೇ ದಿಕ್ಕಿನ ಸ್ಟಿಕ್ ಆಗುತ್ತದೆ. ಪ್ಯಾಕ್‌ಮ್ಯಾನ್‌ಗೆ ಬೇರೆ ಸ್ಟಿಕ್ ಕೊಳ್ಳಲು ಹೊರಟವರು ಇದನ್ನು ಒಮ್ಮೆ ಮಾಡಿ ನೋಡಲಿ. ಪ್ರತಿ ಸಲ ಪೆಟ್ಟಿಗೆಯ ತಳ ತೆಗೆದು ಗೇಟು ತಿರುಗಿಸಬೇಕು, ತಾಪತ್ರಯ ಅಷ್ಟೇ. ಇಂಗ್ಲೆಂಡಿನ ಅಲ್ಟಿಮಾರ್ಕ್ ಕಂಪನಿಯ ಸರ್ವೋಸ್ಟಿಕ್‌ನಲ್ಲಿ ಈ ಬದಲಾವಣೆಯನ್ನು ಒಂದು ಮೋಟಾರೇ ಮಾಡುತ್ತದೆ.

6. ಹಿಡಿಯುವ ಕೈ

ಚೆಂಡಿನ ತಲೆಯೋ, ಉದ್ದ ಹಿಡಿಯ ತಲೆಯೋ? ಇದಕ್ಕೆ ಉತ್ತರ ಯಂತ್ರದಲ್ಲಿಲ್ಲ, ಕೈಯಲ್ಲಿದೆ. ಸಲಾಕೆಯನ್ನು ಬೆರಳ ಸಂದಿಗೆ ತಂದುಕೊಂಡು ಅಂಗೈ ಮೇಲ್ಮುಖ ಮಾಡಿ ಚೆಂಡನ್ನು ಹಿಡಿಯುವವರಿದ್ದಾರೆ, ಜಪಾನಿನಲ್ಲಿ ಇದಕ್ಕೆ ವೈನ್ ಲೋಟದ ಹಿಡಿತ ಅನ್ನುತ್ತಾರೆ. ಮೇಲಿನಿಂದ ಅಂಗೈಯನ್ನು ಮುಚ್ಚಳದ ಹಾಗೆ ಮುಚ್ಚಿ ಹಿಡಿಯುವವರಿದ್ದಾರೆ. ಇವರಿಬ್ಬರಿಗೂ 35 ಮಿಲಿಮೀಟರಿನ ಚೆಂಡು ಸರಿ. ಮುಷ್ಟಿಯಲ್ಲಿ ಹಿಡಿಯುವವರಿಗೆ ಚೆಂಡು ಜಾರುತ್ತದೆ, ಉದ್ದ ಹಿಡಿ ಬೇಕು.

ಸಂತೋಷದ ವಿಷಯ, ಇದಕ್ಕಾಗಿ ಸ್ಟಿಕ್ ಬದಲಿಸಬೇಕಿಲ್ಲ. ಜೆಎಲ್‌ಎಫ್ ಸಲಾಕೆಯ ತಲೆಗೆ 6 ಮಿಲಿಮೀಟರಿನ ತಿರುಪು ಇದೆ, ಬುಡದಲ್ಲಿ ಸ್ಕ್ರೂಡ್ರೈವರ್ ಕೂರುವ ಗೀರು ಇದೆ. ಕೆಳಗಿನಿಂದ ಸ್ಕ್ರೂಡ್ರೈವರ್ ಹಿಡಿದು ಮೇಲೆ ಚೆಂಡು ತಿರುಗಿಸಿದರೆ ಬಿಚ್ಚಿಬರುತ್ತದೆ. ಅದೇ ತಿರುಪಿಗೆ ಉದ್ದ ಹಿಡಿಯೂ ಸಿಗುತ್ತದೆ.

7. ತಂತಿಯ ಮಾತು

ಯಾವ ದೇಶದ ಸ್ಟಿಕ್ ಆದರೂ ಬೋರ್ಡಿಗೆ ಹೇಳುವುದು ಒಂದೇ ಸಂಗತಿ: ಈ ದಿಕ್ಕಿನ ಸ್ವಿಚ್ ಗ್ರೌಂಡಿಗೆ ಸೇರಿತು. ಹಾಗಾಗಿ ಬೋರ್ಡ್ ಹಳೆಯದೇ ಇದ್ದರೂ ಸ್ಟಿಕ್ ಹೊಸದಾಗಬಹುದು. ಜೋಡಣೆಯ ರೂಪ ಮಾತ್ರ ಬೇರೆ. ಜಪಾನೀ ಸ್ಟಿಕ್‌ನಲ್ಲಿ ಐದು ಪಿನ್ನಿನ ಒಂದೇ ಸಾಕೆಟ್, ನಾಲ್ಕು ದಿಕ್ಕಿಗೆ ನಾಲ್ಕು, ಗ್ರೌಂಡಿಗೆ ಒಂದು. ಹ್ಯಾಪ್ ಮಾದರಿಯಲ್ಲಿ ಪ್ರತಿ ಸ್ವಿಚ್ಚಿಗೂ ಥಿಂಬಲ್ ಹಾಕಿದ ಬೇರೆ ಬೇರೆ ತಂತಿ. 'ಝೀರೋ ಡಿಲೇ' ಹೆಸರಿನಲ್ಲಿ ಮಾರುವ ಅಗ್ಗದ ಯುಎಸ್‌ಬಿ ಬೋರ್ಡಿನಲ್ಲಿ ಎರಡಕ್ಕೂ ಜಾಗ ಇರುತ್ತದೆ. ಬೋರ್ಡೂ ಬದಲಿಸುವುದಿದ್ದರೆ, 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಮೇಲೆ ಜಿಪಿ2040-ಸಿಇ ಅನ್ನುವ ಉಚಿತ ತಂತ್ರಾಂಶ ಹಾಕಿ ನೋಡಿ. ಈಚೆಗೆ ನಾನು ಕಟ್ಟುವ ಪೆಟ್ಟಿಗೆಗಳಲ್ಲಿ ಅದೇ ಇರುವುದು.

ಬಿಡಿ ಸ್ವಿಚ್ಚಿಗೆ ಮೂರು ಕಾಲು. ತಂತಿ ಹೋಗಬೇಕಾದದ್ದು ಕಾಮನ್ ಮತ್ತು ನಾರ್ಮಲಿ ಓಪನ್ ಕಾಲುಗಳಿಗೆ. ನಾರ್ಮಲಿ ಕ್ಲೋಸ್ಡ್ ಕಾಲಿಗೆ ಹಾಕಿದರೆ, ಕೈ ಮುಟ್ಟದೆ ಇದ್ದರೂ ಬೊಂಬೆ ಒಂದೇ ಕಡೆಗೆ ಓಡುತ್ತಿರುತ್ತದೆ.

ಐದು ಪಿನ್ನಿನ ಸ್ಟಿಕ್ಕನ್ನು ಪೆಟ್ಟಿಗೆಯಲ್ಲಿ ಕಾಲು ಸುತ್ತು ತಿರುಗಿಸಿ ಕೂರಿಸಿದರೆ ದಿಕ್ಕುಗಳೂ ಕಾಲು ಸುತ್ತು ತಿರುಗುತ್ತವೆ. ಹಾಗಾದಾಗ ಸ್ಟಿಕ್ ಬಿಚ್ಚಬೇಡಿ, ಬೋರ್ಡಿನ ತುದಿಯಲ್ಲಿ ತಂತಿಗಳ ಜಾಗ ಬದಲಿಸಿದರೆ ಆಯಿತು.

ಸ್ವಿಚ್ ಇಲ್ಲದ, ಬೆಳಕಿನ ಕಿರಣ ಅಡ್ಡವಾದರೆ ದಿಕ್ಕು ಗುರುತಿಸುವ ಆಪ್ಟಿಕಲ್ ಸ್ಟಿಕ್‌ಗಳೂ ಇವೆ. ಇವು ಟಿಕ್ ಟಿಕ್ ಅನ್ನುವುದಿಲ್ಲ, ಸ್ವಿಚ್ ಸವೆಯುವ ಪ್ರಶ್ನೆಯೂ ಇಲ್ಲ. ಆದರೆ ಇವಕ್ಕೆ 5 ವೋಲ್ಟ್ ಬೇಕು. ನಿಮ್ಮ ಬೋರ್ಡಿನಲ್ಲಿ 5 ವೋಲ್ಟ್ ತೆಗೆಯುವ ಜಾಗ ಇದೆಯೇ ಅಂತ ನೋಡಿಕೊಂಡು ಆಮೇಲೆ ದುಡ್ಡು ಕೊಡಿ.

8. ಸದ್ದು

ಮನೆಯಲ್ಲಿ ಕೂಸು ಮಲಗಿದೆ, ಪಕ್ಕದ ಕೋಣೆಯಲ್ಲಿ ವಯಸ್ಸಾದವರಿದ್ದಾರೆ ಅನ್ನುವುದೂ ಸ್ಟಿಕ್ ಆರಿಸಲು ಒಂದು ಕಾರಣವೇ. ರಾತ್ರಿ ಹತ್ತರ ಮೇಲೆ ಮೈಕ್ರೋಸ್ವಿಚ್ಚಿನ ಟಿಕ್ ಟಿಕ್ ಗೋಡೆಯಾಚೆಗೆ ಕೇಳುತ್ತದೆ. ಆಪ್ಟಿಕಲ್ ಸ್ಟಿಕ್ ಹಾಕಿಸಿ. ಬಟನ್‌ಗಳಲ್ಲಿ ಸಾನ್ವಾದವರದೇ ಸದ್ದಿಲ್ಲದ ಬಗೆ ಇದೆ, ಅದನ್ನೂ ಸೇರಿಸಿ. ಪೆಟ್ಟಿಗೆಯ ತಳಕ್ಕೆ ಒಂದು ಪದರ ಫೋಮ್ ಅಂಟಿಸಿದರೆ ಮರ ಮಾರ್ದನಿ ಕೊಡುವುದು ನಿಲ್ಲುತ್ತದೆ.

9. ನಕಲು

ಹೆಸರಾಂತ ಸ್ಟಿಕ್‌ಗಳ ನಕಲು ಎಲ್ಲ ಕಡೆ ಸಿಗುತ್ತದೆ. ಕಣ್ಣಿಗೆ ಒಂದೇ, ಹಿಡಿದಾಗ ಗೊತ್ತಾಗುತ್ತದೆ. ಒಮ್ಮೆ ಅಸಲಿ ಅಂತ ತರಿಸಿದ ನಾಲ್ಕು ಸ್ಟಿಕ್‌ಗಳಲ್ಲಿ ಮೂರರ ಪಿವಟ್ ಆರು ತಿಂಗಳಿಗೆ ಸವೆದವು. ಆ ಮೂರೂ ಮನೆಗಳಿಗೆ ನನ್ನ ಖರ್ಚಿನಲ್ಲೇ ಹೊಸದು ಹಾಕಿಕೊಟ್ಟೆ. ನಕಲು ಅಂತ ಹೇಳಿಯೇ ಕಡಿಮೆ ಬೆಲೆಗೆ ಮಾರುವ ಸ್ಟಿಕ್ಕನ್ನು ನಾನು ದೂರುವುದಿಲ್ಲ. ಮಕ್ಕಳ ಮೊದಲ ಪೆಟ್ಟಿಗೆಗೆ ಅದು ಸಾಕು. ಅಸಲಿಯ ಬೆಲೆಗೆ ನಕಲು ಕೊಳ್ಳಬಾರದು. ಹೊರದೇಶದಿಂದ ತರಿಸುವವರು ಸಾಗಣೆ, ಕಸ್ಟಮ್ಸ್ ಸುಂಕ ಎರಡನ್ನೂ ಕೂಡಿಸಿಕೊಂಡು ಬೆಲೆ ಹೋಲಿಸಿ. ತರಿಸುವಾಗಲೇ ಒಂದು ಸ್ಪ್ರಿಂಗ್, ಒಂದು ಪಿವಟ್ ಜೊತೆಗೆ ಹಾಕಿಸಿಕೊಂಡರೆ ಮತ್ತೊಂದು ಸಾಗಣೆ ಉಳಿಯುತ್ತದೆ.

10. ಒಂದು ಸಲಕ್ಕೆ ಒಂದೇ ಬದಲಾವಣೆ

ಬಿಗಿ ಸ್ಪ್ರಿಂಗ್, ದಪ್ಪ ಆಕ್ಚುಯೇಟರ್, ಬೇರೆ ಗೇಟು ಎಲ್ಲವೂ ಬಿಡಿಯಾಗಿ ಸಿಗುತ್ತವೆ. ದಪ್ಪ ಆಕ್ಚುಯೇಟರ್ ಹಾಕಿದರೆ ಸ್ವಿಚ್ ಬೇಗ ಹಿಡಿಯುತ್ತದೆ. ಸೆಕೆಂಡಿಗೆ 60 ಚೌಕಟ್ಟು ಓಡುವ ಆಟದಲ್ಲಿ ಒಂದು ಚೌಕಟ್ಟು ಅಂದರೆ ಸುಮಾರು 16.7 ಮಿಲಿಸೆಕೆಂಡ್. ಕೈ ಸಾಗುವ ದೂರ ಕಡಿಮೆಯಾದರೆ ಅದರಲ್ಲಿ ಒಂದಿಷ್ಟು ಉಳಿಯುತ್ತದೆ, ನಿಜ. ಆದರೆ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಅನ್ನುವುದು ಕೈಗೆ ತಿಳಿಯುವುದಿಲ್ಲ.

ಬಿಚ್ಚುವಾಗ ಬುಡದ ಇ-ಕ್ಲಿಪ್ ಚಿಮ್ಮಿ ಸೋಫಾ ಕೆಳಗೆ ಸೇರುತ್ತದೆ. ಸ್ಟಿಕ್ಕನ್ನು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು ಬಿಚ್ಚಿ.

11. ಕೊಬ್ಬರಿ ಎಣ್ಣೆ ಬೇಡ

ಡಿಸೆಂಬರಿನಲ್ಲಿ ಒಂದು ಫೋನ್ ಬಂತು. "ಅಣ್ಣಾ, ಬೆಳಿಗ್ಗೆ ಸ್ಟಿಕ್ ಅಲ್ಲಾಡಲ್ಲ, ಮಧ್ಯಾಹ್ನ ಸರಿಹೋಗುತ್ತೆ." ಬಿಚ್ಚಿದರೆ ಪಿವಟ್ ಸುತ್ತ ಬೆಳ್ಳಗೆ ಹೆಪ್ಪು. ಕಿರುಗುಟ್ಟುತ್ತದೆ ಅಂತ ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಬೆಂಗಳೂರಿನ ಚಳಿಗಾಲದ ಬೆಳಗಿಗೆ ಅಷ್ಟು ಸಾಕು. ಹೊಲಿಗೆ ಮಶೀನಿನ ಎಣ್ಣೆ ಹರಿದು ಸ್ವಿಚ್ಚಿನೊಳಗೆ ಇಳಿಯುತ್ತದೆ, ತುಕ್ಕು ಬಿಡಿಸುವ ಸ್ಪ್ರೇಯೂ ಅಷ್ಟೇ. ಪಿವಟ್ಟಿಗೆ ಬೇಕಾದದ್ದು ಪ್ಲಾಸ್ಟಿಕ್‌ಗೆ ಒಗ್ಗುವ ಸಿಲಿಕೋನ್ ಗ್ರೀಸ್, ಅದೂ ಸಾಸಿವೆ ಕಾಳಿನಷ್ಟು. ಗೇಟಿನ ಸುತ್ತ ಸಣ್ಣ ಪುಡಿ ಬಿದ್ದಿದ್ದರೆ ಗಾಬರಿ ಬೇಡ. ಆಕ್ಚುಯೇಟರ್ ಗೇಟಿಗೆ ಉಜ್ಜಿ ಬಂದ ಪ್ಲಾಸ್ಟಿಕ್ ಪುಡಿ ಅದು, ಒಣ ಬ್ರಶ್ಶಿನಲ್ಲಿ ಉದುರಿಸಿ.

12. ಯಾರು ಯಾರು ಆಡುತ್ತಾರೆ ಅಂತ ಎರಡನೇ ಸಲವೂ ಕೇಳಿ

ಬೆಡ್‌ಶೀಟಿನಲ್ಲಿ ಪೆಟ್ಟಿಗೆ ತಂದವರ ಕಥೆ ಉಳಿಯಿತು. ಎಡಗಡೆಯ ಸ್ಟಿಕ್ಕನ್ನು ಬಿಚ್ಚಿ ಮೀಟರ್ ಹಿಡಿದೆ. ಜೆಎಲ್‌ಎಫ್, ಅಸಲಿ. 'ಕೆಳಗೆ' ದಿಕ್ಕಿನ ಸ್ವಿಚ್ ಒಂದೇ ಸತ್ತಿತ್ತು. ಬೆಸುಗೆ ಬಿಡಿಸಿ ಬೇರೆ ಸ್ವಿಚ್ ಹಾಕಲು ಅರ್ಧ ಗಂಟೆ ಹಿಡಿಯಿತು.

"ಹಾಗಾದ್ರೆ ಹೊಸ ಸ್ಟಿಕ್ ಬೇಡ್ವಾ?" ಅಂದರು.

"ಬೇಡ ಸಾರ್. ಆಡೋರು ನೀವೇನಾ?"

"ನನ್ನ ಮಗ. ಅವನು ಬರೀ ಸ್ಟ್ರೀಟ್ ಫೈಟರ್. ಮಧ್ಯಾಹ್ನದ ಹೊತ್ತು ಅಮ್ಮ ಪ್ಯಾಕ್‌ಮ್ಯಾನ್ ಆಡ್ತಾರೆ. ಈಚೆಗೆ, ನನ್ ಕೈಲಿ ಆಗಲ್ಲ ಕಣೋ ಅಂತ ಬಿಟ್ಬಿಟ್ಟಿದ್ದಾರೆ."

ಮರುದಿನ ಅವರ ತಾಯಿಯನ್ನೂ ಕರೆದುಕೊಂಡು ಬರಲು ಹೇಳಿದೆ. ಬಂದರು. ಎಪ್ಪತ್ತರ ಮೇಲಿನವರು. ಎಡಗಡೆಯ ಸ್ಟಿಕ್ ಮುಂದೆ ಕೂರಿಸಿ, "ಆಡಿ ಅಮ್ಮ, ನೋಡ್ತೀನಿ" ಅಂದೆ. ಹಲಗೆಯ ಮೇಲಿನ ಚೆಂಡನ್ನು ಅವರು ಬೀಸುಕಲ್ಲಿನ ಗೂಟ ಹಿಡಿದ ಹಾಗೆ ಇಡೀ ಮುಷ್ಟಿಯಲ್ಲಿ ಹಿಡಿದರು. ಪ್ರತಿ ತಿರುವಿನಲ್ಲೂ ಸ್ಟಿಕ್ ಮೂಲೆಗೆ ವಾಲುತ್ತಿತ್ತು, ಪ್ಯಾಕ್‌ಮ್ಯಾನ್ ಓಣಿ ತಪ್ಪಿ ಮುಂದೆ ಹೋಗುತ್ತಿತ್ತು.

ಬಲಗಡೆಯ ಸ್ಟಿಕ್ ಆ ಮನೆಯಲ್ಲಿ ಹೆಚ್ಚುಕಡಿಮೆ ಖಾಲಿಯೇ ಇತ್ತು. ಅದರ ಗೇಟನ್ನು ಓರೆಗೆ ತಿರುಗಿಸಿ ನಾಲ್ಕು ದಿಕ್ಕಿಗೆ ಕಟ್ಟಿದೆ. ಚೆಂಡು ತೆಗೆದು ಉದ್ದ ಹಿಡಿ ಹಾಕಿದೆ. ಮೊದಲ ಆಟಗಾರರ ದಿಕ್ಕುಗಳು ಪ್ಯಾಕ್‌ಮ್ಯಾನ್‌ನಲ್ಲಿ ಆ ಸ್ಟಿಕ್‌ನಿಂದಲೂ ನಡೆಯುವ ಹಾಗೆ ಆಟದ ಸೆಟ್ಟಿಂಗಿನಲ್ಲಿ ಬರೆದಿಟ್ಟೆ. ಒಂದು ಸ್ವಿಚ್, ಒಂದು ಹಿಡಿ, ಇಷ್ಟೇ ಹೊಸದು.

ಅವರು ಮತ್ತೆ ಕೂತರು. ಮೊದಲ ತಿರುವು ಸರಿಯಾಗಿ ಹೋಯಿತು. ಎರಡನೆಯದೂ ಹೋಯಿತು. ಮಗ ಕಾರಿನ ಕೀಲಿ ಕೈಯಲ್ಲಿ ಹಿಡಿದು ಎರಡು ಸಲ "ಅಮ್ಮಾ, ಹೊರಡೋಣ್ವಾ" ಅಂದರು. ಪರದೆಯ ಮೇಲಿನ ಕಣ್ಣು ತೆಗೆಯದೆ, "ತಡಿಯಪ್ಪ, ಇನ್ನೂ ಎರಡು ಜೀವ ಇದೆ" ಅಂದರು ಅವರು.